ಥೂ ಅನ್ನಲೊಲ್ಲದ ಅಳಿಯ

"ಎಲ್ರೂ ಕೇಳ್ಕೊಳ್ಳಿ! ಈ ರಜೆಯ ನಾಲ್ಕು ದಿನ ನಾನು ಯಾರಿಗೂ, ಯಾವುದಕ್ಕೂ ಥೂ ಅನ್ನಲ್ಲ!"

ಅರಿಸ್ತಿದಿಸ್ ಹೀಗೆ ಸಾರಿದ್ದು ಹೆರಾಕ್ಲಿಯೋ ಪಟ್ಟಣದ ತನ್ನ ಮನೆಯ ಮುಂದೆ, ಕಾರಿನ ಡಿಕ್ಕಿಯನ್ನು ಧಡಾರನೆ ಮುಚ್ಚುತ್ತ. ಕೇಳಿಸಿಕೊಂಡವರು ಮೂವರು. ಹೆಂಡತಿ ಮರಿಯಾಂಥಿ, ಅತ್ತೆ ಅರ್ಗಿರೋ, ಮತ್ತು ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು. ಮೂವರೂ ಒಟ್ಟಿಗೇ ಶಿಲುಬೆಯ ಗುರುತು ಹಾಕಿಕೊಂಡರು. ಎದುರು ಮನೆಯವಳು ಒಣಹಾಕಿದ್ದ ಬಟ್ಟೆಯನ್ನೂ ಒಳಗೆ ತೆಗೆದುಕೊಂಡು ಹೋದಳು.

ಅವಳನ್ನು ಬೈದು ಪ್ರಯೋಜನವಿಲ್ಲ. ಅರಿಸ್ತಿದಿಸನ ಕಣ್ಣು ನೀಲಿ. ನಮ್ಮ ಕ್ರೀಟ್ ದ್ವೀಪದಲ್ಲಿ ಕರಿಕಣ್ಣಿನವನು ಹೊಗಳಿದರೇ ಜನ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನೀಲಿಕಣ್ಣಿನವನು ಬಾಯಿ ತೆರೆದರಂತೂ ಕೂಸನ್ನು ಶಾಲಿನಲ್ಲಿ ಮುಚ್ಚಿಕೊಂಡು ಓಡುತ್ತಾರೆ. ಆದರೆ "ಎಷ್ಟು ಮುದ್ದಾಗಿದೆ!" ಎಂದ ಮೇಲೆ ಥೂ ಥೂ ಥೂ ಎಂದು ಮೂರು ಸಲ ಉಗುಳಿಬಿಟ್ಟರೆ ಯಾವ ತಂಟೆಯೂ ಇಲ್ಲ. ಹೊಗಳಿದ ಮಾತೂ ಉಳಿಯುತ್ತದೆ, ಹೊಗಳಿಸಿಕೊಂಡ ಕೂಸೂ ಉಳಿಯುತ್ತದೆ. ಹುಟ್ಟಿದಾಗಿನಿಂದ ಅರಿಸ್ತಿದಿಸ್ ಉಗುಳಿದ್ದನ್ನೆಲ್ಲ ಕಟ್ಟೆ ಕಟ್ಟಿ ನಿಲ್ಲಿಸಿದ್ದರೆ ಎರಡು ಆಲಿವ್ ತೋಟಕ್ಕೆ ನೀರು ಹಾಯಿಸಬಹುದಿತ್ತು!

ಈಗ ಅವನಿಗೆ ನಲವತ್ತೈದು. ಅಂಚೆ ಕಚೇರಿಯಲ್ಲಿ ಹದಿನೆಂಟು ವರ್ಷದಿಂದ ಲಕೋಟೆಗಳ ಮೇಲೆ ಮುದ್ರೆ ಒತ್ತುತ್ತಿದ್ದ ಈ ಮನುಷ್ಯ ಹೋದ ಚಳಿಗಾಲದಲ್ಲಿ ಕ್ರೀಟಿನ ಇತಿಹಾಸದ ಏಳು ಸಂಪುಟ ಓದಿ ಮುಗಿಸಿದ. ಓದಿದವನಿಗೆ ಎರಡು ರೋಗ ಬಂದವು. ಒಂದು, ಈಸ್ಟರ್ ರಜೆಯಲ್ಲಿ ಮನೆಯವರಿಗೆಲ್ಲ ದ್ವೀಪದ ನಾಲ್ಕು ಸಾವಿರ ವರ್ಷಗಳನ್ನು ನಾಲ್ಕೇ ದಿನದಲ್ಲಿ ತೋರಿಸಿಬಿಡಬೇಕು ಎನ್ನುವುದು. ಇನ್ನೊಂದು, ತಾನು ಹೊಸಕಾಲದವನು, ಈ ಉಗುಳುವ ಕೆಲಸ ತನಗೆ ತಕ್ಕದ್ದಲ್ಲ ಎನ್ನುವುದು.

"ಅತ್ತೆ, ಪಂದ್ಯ ಕಟ್ಟೋಣ. ಈ ನಾಲ್ಕು ದಿನದಲ್ಲಿ ನಾನು ಹೊಗಳಿದ್ದಕ್ಕೆ ನನ್ ಕಣ್ಣಿಂದ ಏನೂ ಆಗ್ಲಿಲ್ಲ ಅಂದ್ರೆ, ಹನ್ನೊಂದು ವರ್ಷದಿಂದ ನಮ್ಮ ಬಾಗಿಲಿಗೆ ನೇತುಹಾಕಿದ್ದೀರಲ್ಲ ಬೆಳ್ಳುಳ್ಳಿ ಜಡೆ, ಅದನ್ನ ನಿಮ್ಮ ಕೈಯಾರೆ ಬಿಚ್ಚಬೇಕು."

"ಏನಾದ್ರೂ ಆದ್ರೆ?"

"ಆದ್ರೆ, ಮುಂದಿನ ತಿಂಗಳು ನಿಮ್ಮ ಮನೆ ಹಬ್ಬದೂಟದಲ್ಲಿ ನೆಂಟರೆಲ್ಲರ ಮುಂದೆ ಎದ್ದು ನಿಂತು 'ನನ್ನ ಕಣ್ಣು ಕೆಟ್ಟದ್ದು' ಅಂತ ನಾನೇ ಹೇಳ್ತೀನಿ."

ಅರ್ಗಿರೋ ಅಳಿಯನನ್ನು ಮೇಲಿಂದ ಕೆಳಗೆ ನೋಡಿದಳು. ಅವಳು ಸಾಮಾನ್ಯ ಹೆಂಗಸಲ್ಲ. ತಟ್ಟೆಯ ನೀರಿಗೆ ಎಣ್ಣೆ ಹನಿ ಬಿಟ್ಟು ದೃಷ್ಟಿ ತೆಗೆಯುವ ಮಂತ್ರ ಬಲ್ಲವಳು. ಊರೆಲ್ಲ ಅವಳ ಬಾಗಿಲಿಗೆ ಬರುತ್ತದೆ. ಅಂಥವಳ ಮನೆಗೇ ನೀಲಿಕಣ್ಣಿನ ಅಳಿಯ! ಹನ್ನೊಂದು ವರ್ಷದಲ್ಲಿ ಅವಳು ಅವನನ್ನು ಒಂದೇ ಒಂದು ಸಲವೂ ಹೊಗಳಿರಲಿಲ್ಲ. ಕರೆಯುವುದು ಮಾತ್ರ ಬಹುವಚನದಲ್ಲಿ.

"ಆಗ್ಲಿ ಅಳಿಯಂದ್ರೇ. ಮಾತಿಗೆ ತಪ್ಪಬೇಡಿ," ಎಂದು ಅವಳು ಮಡಿಲಲ್ಲಿ ಒಂದು ದೊಡ್ಡ ಬುಟ್ಟಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಬುಟ್ಟಿಯಲ್ಲಿ ಅವಳೇ ಬೇಯಿಸಿದ ನಲವತ್ತು ಚೀಸ್ ಕಡುಬು, ಮೇಲೆ ಅವಳೇ ಕಸೂತಿ ಹಾಕಿದ ಬಿಳಿ ಬಟ್ಟೆ. ನಾಲ್ಕನೆಯ ದಿನ ಸಂತ ಜಾರ್ಜನ ಹಬ್ಬ. ಅವತ್ತು ಬೆಟ್ಟದ ಮೇಲಿನ ಕುರುಬರ ಊರಿನ ಚರ್ಚಿನಲ್ಲಿ ಹಂಚಬೇಕೆಂದು ಅವಳ ಹರಕೆ. ಅಲ್ಲಿಯವರೆಗೆ ಒಬ್ಬರೂ ಮುಟ್ಟುವಂತಿಲ್ಲ.

ಮೊದಲ ದಿನವೇ ಏರು ದಾರಿಯಲ್ಲಿ ಅರಿಸ್ತಿದಿಸ್ ಸ್ಟಿಯರಿಂಗನ್ನು ತಟ್ಟಿ, "ಹತ್ತು ವರ್ಷದ ಗಾಡಿ, ಒಂದಿನ ಕೈಕೊಟ್ಟಿಲ್ಲ ನೋಡು!" ಎಂದ. ಹಿಂದಿನ ಸೀಟಿನಿಂದ ಥೂ ಬರುವಷ್ಟರಲ್ಲಿ ಮುಂದಿನಿಂದ ಬುಸ್ಸೆಂದು ಹಬೆ ಬಂತು! ಇಂಜಿನ್ ತಣ್ಣಗಾಗಲು ಎರಡು ತಾಸು ಕಾರುಬ್ ಮರದ ಕೆಳಗೆ ಕೂತರು.

"ನೀರು ಕಡಿಮೆ ಇತ್ತು ಅತ್ತೆ. ಇದು ವಿಜ್ಞಾನ."

"ನಾನೇನಾದ್ರೂ ಅಂದ್ನಾ?" ಎಂದಳು ಅರ್ಗಿರೋ.

ಆಮೇಲೆ ಪುರಾತನ ಅರಮನೆಯೊಂದರ ಪಾಳಿನ ಎದುರು ನಿಂತು ಅವನು, "ಎಂಥಾ ಅರಮನೆ! ಎಂಥಾ ವೈಭವ!" ಎಂದು ಕೈ ಚಾಚಿದಾಗ ಮಾತ್ರ ಅವಳು ನಿಶ್ಚಿಂತೆಯಿಂದ ನೆರಳಿನಲ್ಲಿ ಕೂತಿದ್ದಳು. "ಹೊಗಳಿ, ಹೊಗಳಿ. ಅದು ಆಗ್ಲೇ ಬಿದ್ದಿದೆ. ನಾಲ್ಕು ಸಾವಿರ ವರ್ಷದ ಹಿಂದೆ ನಿಮ್ಮಂಥೋರು ಯಾರೋ ಬಂದು ನೋಡಿ ಹೋಗಿರಬೇಕು!"

ಆದರೆ ಮಾರನೆಯ ದಿನ ಫೈಸ್ತೋಸಿನ ಪಾಳು ಅರಮನೆಯಲ್ಲಿ ಆಳೆತ್ತರದ ಮಣ್ಣಿನ ಜಾಡಿಗಳ ಮುಂದೆ ಅವನು, "ಒಂದು ಬಿರುಕಿಲ್ಲ ನೋಡಿ!" ಎಂದದ್ದೇ ತಡ, ಎಪ್ಪತ್ತು ವರ್ಷದ ಹೆಂಗಸು ಹಗ್ಗ ದಾಟಿ ಹಾರಿ, ಜಾಡಿಗೆ ಥೂ ಥೂ ಥೂ ಎಂದುಬಿಟ್ಟಳು. ಕಾವಲುಗಾರ ಓಡಿ ಬಂದ.

"ಏನಮ್ಮಾ ಇದು? ನಾಲ್ಕು ಸಾವಿರ ವರ್ಷದ ಜಾಡಿಗೆ ಉಗುಳ್ತೀರಾ?"

"ಇನ್ನೂ ನಾಲ್ಕು ಸಾವಿರ ವರ್ಷ ಇರ್ಲಿ ಅಂತ ಉಗುಳ್ದೆ. ಈ ಕಣ್ಣು ನೋಡಪ್ಪ!" ಎಂದು ಅಳಿಯನ ಗಲ್ಲ ಹಿಡಿದು ಅವನ ಕಡೆ ತಿರುಗಿಸಿದಳು. ಕಾವಲುಗಾರ ಕಣ್ಣು ನೋಡಿದ. ಟೋಪಿ ತೆಗೆದ. ತಾನೂ ಒಂದು ಸಲ ಜಾಡಿಗೆ ಥೂ ಎಂದು, "ನೀವಿನ್ನು ಹೊರಡಿ ಸ್ವಾಮಿ," ಎಂದ.

ಮೂರನೆಯ ದಿನ ರೆಥಿಮ್ನೋ ಬಂದರಿನ ಹೋಟೆಲಿನಲ್ಲಿ ಒಬ್ಬ ಮಾಣಿ ಒಂದೇ ಕೈಯಲ್ಲಿ ಒಂಬತ್ತು ತಟ್ಟೆ ಹೊತ್ತು ಬರುತ್ತಿದ್ದ. ಅರಿಸ್ತಿದಿಸ್ ಬಾಯಿ ತೆರೆದ. ಮರಿಯಾಂಥಿ ಅವನ ಬಾಯಿಗೆ ಬ್ರೆಡ್ಡು ತುರುಕಿದಳು. ತಟ್ಟೆಗಳು ಕ್ಷೇಮವಾಗಿ ಮೇಜು ಸೇರಿದವು.

ಆ ಹೊತ್ತಿಗೆ ಅವನ ಎದೆಯಲ್ಲೂ ಸಣ್ಣಗೆ ಹುಳ ಕೊರೆಯಲು ಶುರುವಾಗಿತ್ತು. ಹೊರಗೆ ಮಾತ್ರ ಮೀಸೆ ತಿರುವುತ್ತಿದ್ದ. ಕಾರಿನದು ನೀರಿನ ಲೆಕ್ಕ, ಜಾಡಿ ಒಡೆದಿಲ್ಲ, ತಟ್ಟೆ ಬಿದ್ದಿಲ್ಲ. ಇನ್ನೊಂದು ದಿನ ಕಳೆದರೆ ಬೆಳ್ಳುಳ್ಳಿ ಜಡೆ ಇಳಿಯುತ್ತದೆ!

ನಾಲ್ಕನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವರು ಬಿಳಿಬೆಟ್ಟಗಳ ತಪ್ಪಲಿನ ಆ ಊರು ಮುಟ್ಟಿದರು. ಅವತ್ತು ಸುತ್ತಲಿನ ಕುರುಬರೆಲ್ಲ ತಮ್ಮ ಹಿಂಡನ್ನು ಚರ್ಚಿನ ಅಂಗಳಕ್ಕೆ ಹೊಡೆದುಕೊಂಡು ಬರುತ್ತಾರೆ. ಹಿಂಡಿನ ಮುಂದೆ ಗಂಟೆ ಕಟ್ಟಿದ ಟಗರು. ಪಾದ್ರಿ ಪವಿತ್ರ ನೀರು ಚಿಮುಕಿಸುತ್ತಾನೆ, ಅಲ್ಲೇ ಹಾಲು ಕರೆದು ಬಂದವರಿಗೆಲ್ಲ ಹಂಚುತ್ತಾರೆ. ಹಿಂಡುಗಳು ಬರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ಚರ್ಚಿನ ಆರುನೂರು ವರ್ಷದ ಗೋಡೆಚಿತ್ರಗಳನ್ನು ನೋಡಿಬಿಡಬೇಕೆಂದು ಅರಿಸ್ತಿದಿಸನ ಯೋಜನೆ.

ಕಾರು ನಿಲ್ಲಿಸಿದ್ದು ಪೊಲಿಖ್ರೋನಿಸ್ ಎಂಬ ಮುದುಕ ಕುರುಬನ ದೊಡ್ಡಿಯ ಪಕ್ಕದಲ್ಲಿ. "ಕಡುಬಿನ ಬುಟ್ಟಿ ಕಾರಲ್ಲೇ ಇರ್ಲಿ, ಪೂಜೆ ಮುಗಿದ ಮೇಲೆ ತರೋಣ. ಮುಟ್ಟಬೇಡಿ!" ಎಂದು ಹೇಳಿ ಅರ್ಗಿರೋ ಮಗಳ ಜೊತೆ ಮೇಣದ ಬತ್ತಿ ಹಚ್ಚಲು ಮುಂದೆ ಹೋದಳು. ಅರಿಸ್ತಿದಿಸನ ಐದನೆಯ ಸಂಪುಟ ಬುಟ್ಟಿಯ ಅಡಿಗೇ ಸಿಕ್ಕಿಕೊಂಡಿತ್ತು. ಬುಟ್ಟಿಯನ್ನೆತ್ತಿ ದೊಡ್ಡಿಯ ಕಲ್ಲುಗೋಡೆಯ ಮೇಲಿಟ್ಟು ಪುಸ್ತಕ ಎಳೆದುಕೊಂಡ.

ಆಗ ಗೋಡೆಯಾಚೆ ಗಂಟೆ ಢಣ್ ಎಂದಿತು. ಅರಿಸ್ತಿದಿಸ್ ತಲೆಯೆತ್ತಿದ.

ಅಬ್ಬಾ, ಏನು ಟಗರು! ಸುರುಳಿ ಸುತ್ತಿದ ಕೊಂಬು, ನೆಲ ಮುಟ್ಟುವ ಬಿಳಿ ಉಣ್ಣೆ, ಕೊರಳಲ್ಲಿ ಮಗುವಿನ ತಲೆಯಷ್ಟು ದಪ್ಪದ ಕಂಚಿನ ಗಂಟೆ. ಸುತ್ತ ಯಾರೂ ಇಲ್ಲ. ಪಂದ್ಯ ಮರೆತೇಹೋಯಿತು. ಒಳಗಿನಿಂದ ಮಾತು ತಾನಾಗಿ ಉಕ್ಕಿ ಬಂತು.

"ಎಂಥಾ ಚೆಲುವ ಕಣೋ ನೀನು! ಈ ದ್ವೀಪದಲ್ಲೇ ನಿನ್ನ ಸಮ ಇಲ್ಲ!"

ಟಗರು ಅವನನ್ನು ನೋಡಿತು. ಅವನು ಟಗರನ್ನು ನೋಡಿದ. ಬಾಯಲ್ಲಿ ಥೂ ಎನ್ನುವುದು ತುದಿನಾಲಿಗೆಗೆ ಬಂದಿತ್ತು. ಅದನ್ನು ನುಂಗಿಕೊಂಡು, ಸಂಪುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೊಸಕಾಲದವನ ಗತ್ತಿನಲ್ಲಿ ಚರ್ಚಿನ ಕಡೆ ನಡೆದ.

ಅರ್ಧ ಗಂಟೆ ಕಳೆದಿರಬೇಕು. ಅರಿಸ್ತಿದಿಸ್ ಗೋಡೆಯ ಮೇಲಿನ ಸಂತರ ಹೆಸರುಗಳನ್ನು ಹೆಂಡತಿಗೆ ಓದಿ ಹೇಳುತ್ತಿದ್ದ. ಹೊರಗೆ ಯಾರೋ ಕೂಗಿದರು. "ಸೇನಾಪತಿ ಬಿದ್ಬಿಟ್ಟ! ಪೊಲಿಖ್ರೋನಿಸನ ಸೇನಾಪತಿ ಬಿದ್ಬಿಟ್ಟ!"

"ಯಾರೀ ಸೇನಾಪತಿ?" ಎಂದು ಮರಿಯಾಂಥಿ ಪಕ್ಕದವಳನ್ನು ಕೇಳಿದಳು.

"ಆ ದೊಡ್ಡಿ ಮುದುಕನ ಟಗರು ಕಣಮ್ಮ. ಹೋದ ವರ್ಷ ತೀರ್ಕೊಂಡ ಅವನ ಹೆಂಡ್ತಿ ಬಾಟ್ಲಿ ಹಾಲು ಕುಡಿಸಿ ಸಾಕಿದ್ದು. ಅದು ಮುಂದೆ ನಡೀದಿದ್ರೆ ಹಿಂಡಿನ ಒಂದು ಕುರೀನೂ ಹೆಜ್ಜೆ ಎತ್ತಲ್ಲ. ಅವಳ ಹರಕೆ ಹಾಲು ಇವತ್ತು ಚರ್ಚಿಗೆ ಬರ್ಲೇಬೇಕಿತ್ತು. ಪಾಪ, ಮುದುಕ!"

ಅರಿಸ್ತಿದಿಸನ ಕಂಕುಳಿನಿಂದ ಐದನೆಯ ಸಂಪುಟ ಜಾರಿ ಕಾಲ ಮೇಲೆ ಬಿತ್ತು. ನೋವೂ ಗೊತ್ತಾಗಲಿಲ್ಲ.

ದೊಡ್ಡಿಗೆ ಓಡಿದಾಗ ಊರೇ ನೆರೆದಿತ್ತು. ಟಗರು ಅಡ್ಡಬಿದ್ದಿತ್ತು. ಹೊಟ್ಟೆ ಉಬ್ಬಿತ್ತು, ಬಾಯಲ್ಲಿ ಜೊಲ್ಲು, ಕಣ್ಣು ಮೇಲೆ ಸಿಕ್ಕಿಕೊಂಡಿತ್ತು. ಕರಿ ಅಂಗಿ, ಮಂಡಿಯವರೆಗಿನ ಬೂಟು ತೊಟ್ಟ ಪೊಲಿಖ್ರೋನಿಸ್ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಏಳೋ ನನ್ನಪ್ಪ, ಅವಳು ಬೇಜಾರು ಮಾಡ್ಕೋತಾಳೆ, ಏಳೋ," ಎನ್ನುತ್ತಿದ್ದ. ಬಿಳಿ ಮೀಸೆ ನಡುಗುತ್ತಿತ್ತು.

"ಇದು ಕಣ್ಣೇ!" ಎಂದು ಒಬ್ಬ ಹೇಳಿದ.

"ಕಣ್ಣೇ, ಅನುಮಾನವೇ ಇಲ್ಲ," ಎಂದು ಹತ್ತು ಜನ ಹೇಳಿದರು.

"ದೃಷ್ಟಿ ತೆಗೆಯೋ ಅಜ್ಜೀನ ಕರೀರಿ!"

"ಅಜ್ಜಿ ಇಲ್ಲ. ಕಣ್ಣಿನ ಪೊರೆ ತೆಗೆಸ್ಕೊಳ್ಳೋಕೆ ಪಟ್ಟಣಕ್ಕೆ ಹೋಗಿದ್ದಾಳೆ."

ಅರ್ಗಿರೋ ಅಂಗಿಯ ತೋಳು ಏರಿಸಿ ಮುಂದೆ ಬಂದಳು. "ನಾನಿದ್ದೀನಿ. ಒಂದು ತಟ್ಟೇಲಿ ನೀರು, ಎಣ್ಣೆ, ಒಂದು ಮೇಣದ ಬತ್ತಿ, ಒಂದು ಹಿಡಿ ಲವಂಗ ತನ್ನಿ."

ಅರಿಸ್ತಿದಿಸ್ ಹೆಂಡತಿಯ ಬೆನ್ನ ಹಿಂದೆ ಸರಿದು ನಿಂತ. ಅಂಗೈ ಒದ್ದೆ, ಬಾಯಿ ಒಣ. ಕಾಕತಾಳೀಯ, ಎಂದು ತನಗೆ ತಾನೇ ಹೇಳಿಕೊಂಡ. ಇದು ವಿಜ್ಞಾನ, ಎಂದುಕೊಂಡ. ಕಣ್ಣನ್ನು ಮಾತ್ರ ನೆಲದಿಂದ ಎತ್ತಲಿಲ್ಲ.

ಮರಿಯಾಂಥಿ ಹಿಂದೆ ತಿರುಗಿ ಪಿಸುಗುಟ್ಟಿದಳು. "ರೀ, ನೀವು ಈ ಟಗರು ನೋಡಿದ್ರಾ?"

"ಯಾವ ಟಗರು?"

"ರೀ!"

"ದೂರದಿಂದ... ಸ್ವಲ್ಪ."

"ಏನಾದ್ರೂ ಅಂದ್ರಾ?"

"ನಮಸ್ಕಾರ ಅಂದೆ ಅಷ್ಟೇ!"

ಅರ್ಗಿರೋ ತಟ್ಟೆಯ ನೀರಿಗೆ ಎಣ್ಣೆ ಬಿಟ್ಟಳು. ಹನಿ ನಿಲ್ಲಬೇಕಿತ್ತು. ನಿಲ್ಲದೆ ಹರಡಿ ಮಾಯವಾಯಿತು. ಗುಂಪಿನಲ್ಲಿ ಉಸಿರೆಳೆದುಕೊಂಡ ಸದ್ದಾಯಿತು. ಅರ್ಗಿರೋ ಬಾಯಗಲಿಸಿ ಒಂದು ಆಕಳಿಕೆ ತೆಗೆದಳು, ಎರಡು, ಮೂರು. ಕಣ್ಣಲ್ಲಿ ನೀರು ಸುರಿಯಿತು. "ಭಾರೀ ಕಣ್ಣು," ಎಂದಳು. "ಯಾರದು ಅಂತ ನೋಡೋಣ. ಹೆಸರು ಹೇಳ್ತಾ ಹೋಗಿ."

ಲವಂಗವನ್ನು ಸೂಜಿಗೆ ಚುಚ್ಚಿ ಉರಿಗೆ ಹಿಡಿಯುವುದು, ಒಂದೊಂದಕ್ಕೂ ಒಬ್ಬೊಬ್ಬರ ಹೆಸರು. ಯಾರ ಹೆಸರಿಗೆ ಲವಂಗ ಚಟ್ಟೆಂದು ಸಿಡಿಯುತ್ತದೋ ಕಣ್ಣು ಅವರದು. ಪೊಲಿಖ್ರೋನಿಸ್ ಮೊದಲು ತನ್ನದೇ ಹೆಸರು ಹೇಳಿದ. ಸದ್ದಿಲ್ಲದೆ ಉರಿಯಿತು. ಪಾದ್ರಿಯ ಹೆಸರು ಹೇಳಿದ. ಸದ್ದಿಲ್ಲ. ಪಾದ್ರಿ ಬೆವರು ಒರೆಸಿಕೊಂಡ. ಆಮೇಲೆ ಮುದುಕನ ಮುಖ ಕಪ್ಪಿಟ್ಟಿತು. ಹಲ್ಲು ಕಚ್ಚಿಕೊಂಡು, "ಮನೂಸೋಸ್," ಎಂದ.

ಚಟ್!

ಎಲ್ಲರೂ ಪಕ್ಕದ ಗುಡ್ಡದ ಕಡೆ ನೋಡಿದರು. ಮನೂಸೋಸ್ ಅಲ್ಲಿನ ಕುರುಬ. ಮೂವತ್ತು ವರ್ಷದ ಹಿಂದೆ ಒಂದು ನೀರಿನ ತೊಟ್ಟಿಯ ವಿಷಯಕ್ಕೆ ಇಬ್ಬರಿಗೂ ಮಾತು ನಿಂತಿತ್ತು. ಹೋದ ವರ್ಷ ಮುದುಕನ ಹೆಂಡತಿಯ ಮಣ್ಣಿಗೆ ಬಂದು ಅವನು ಟೋಪಿ ತೆಗೆದು ನಿಂತಿದ್ದ ಎಂಬ ಒಂದೇ ಕಾರಣಕ್ಕೆ ಪೊಲಿಖ್ರೋನಿಸ್ ಈಚೆಗೆ ಅವನಿಗೆ ತಲೆಯಾಡಿಸುತ್ತಿದ್ದ.

"ಬೆಳಿಗ್ಗೆ ಈ ಕಡೆಯಿಂದಲೇ ಹೋದ! ನನ್ನ ಸೇನಾಪತೀನ ನೋಡಿ ನಕ್ಕ! ನಾನು ದಡ್ಡ, ಪ್ರೀತಿಯಿಂದ ನಕ್ಕ ಅಂದ್ಕೊಂಡೆ!" ಮುದುಕ ಟಗರಿನ ತಲೆಯನ್ನು ಮೆಲ್ಲಗೆ ಕೆಳಗಿಟ್ಟು, ಗೋಡೆಗೆ ಒರಗಿಸಿದ್ದ ಕೋಲು ಹಿಡಿದು ಎದ್ದು ನಿಂತ. ಅವನ ಹಿಂದೆ ಅವನ ಮೂವರು ಅಣ್ಣತಮ್ಮಂದಿರ ಮಕ್ಕಳೂ ಅಂಗಿಯ ತೋಳು ಏರಿಸಿದರು. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು.

ಈ ಬೆಟ್ಟದ ಜಗಳ ಹೇಗೆ ಎಂಬುದು ಅರಿಸ್ತಿದಿಸನಿಗೆ ಚೆನ್ನಾಗಿ ಗೊತ್ತಿತ್ತು. ಆರನೆಯ ಸಂಪುಟ ಪೂರ್ತಿ ಅದೇ. ಒಂದು ಕುರಿಯಲ್ಲಿ ಶುರುವಾಗಿ ಮೊಮ್ಮಕ್ಕಳ ಕಾಲದಲ್ಲಿ ಮುಗಿಯುವಂಥದ್ದು. ಏನೂ ಮಾಡದ ಮನೂಸೋಸ್ ಈಗ ಗುಡ್ಡದ ಆಚೆಯಿಂದ, ತನ್ನ ಹಿಂಡಿನ ಮುಂದೆ ಹಬ್ಬದ ಅಂಗಿ ತೊಟ್ಟು ಬರುತ್ತಿರುತ್ತಾನೆ. ಇನ್ನು ಕಾಲು ಗಂಟೆಯಲ್ಲಿ ಎದುರುಬದುರಾಗುತ್ತಾರೆ. ಆಮೇಲೆ ಬೀಳುವುದು ಟಗರಲ್ಲ, ಮನುಷ್ಯರು.

ಬಾಯಿ ಬಿಟ್ಟರೆ ಪಂದ್ಯ ಹೋಯಿತು. ಮಾನ ಹೋಯಿತು. ಈ ಊರಿನಿಂದ ಮೈಮೂಳೆ ನೆಟ್ಟಗಿಟ್ಟುಕೊಂಡು ಹೋಗುವ ಭರವಸೆಯೂ ಇಲ್ಲ. ಬಾಯಿ ಮುಚ್ಚಿಕೊಂಡರೆ? ಅರಿಸ್ತಿದಿಸ್ ಒಮ್ಮೆ ಕಾರಿನ ಕಡೆ ನೋಡಿದ. ಒಮ್ಮೆ ಮುದುಕನ ನಡುಗುವ ಮೀಸೆ ನೋಡಿದ. ಹೆಂಡತಿಯ ಬೆನ್ನ ಹಿಂದಿನಿಂದ ಈಚೆ ಬಂದ.

"ನಿಲ್ಲಿ ಯಜಮಾನ್ರೇ! ಅವರಲ್ಲ. ನಾನು!"

ಎಲ್ಲರೂ ತಿರುಗಿದರು.

"ನಾನು... ನಾನು ಹೊಗಳಿದೆ. ಈ ದ್ವೀಪದಲ್ಲೇ ನಿನ್ನ ಸಮ ಇಲ್ಲ ಅಂದೆ. ಥೂ ಅನ್ಲಿಲ್ಲ. ಬೇಕಂತಲೇ ಅನ್ಲಿಲ್ಲ. ನನ್ನ ಕಣ್ಣು... ನನ್ನ ಕಣ್ಣು ಕೆಟ್ಟದ್ದು!"

ಹೇಳಿ ತಲೆಯೆತ್ತಿದ. ಬಿಸಿಲಿನಲ್ಲಿ ಎರಡು ನೀಲಿ ಕಣ್ಣು ಫಳಫಳ ಹೊಳೆದವು. ಊರಿಗೆ ಊರೇ ಒಂದು ಹೆಜ್ಜೆ ಹಿಂದೆ ಸರಿಯಿತು. ಪಾದ್ರಿ ಎರಡು ಹೆಜ್ಜೆ ಸರಿದ.

"ಮತ್ತೆ ಲವಂಗ ಮನೂಸೋಸಂಗೆ ಸಿಡೀತಲ್ಲ?" ಎಂದು ಯಾರೋ ಕೇಳಿದರು.

"ಹಳೇ ಲವಂಗ," ಎಂದಳು ಅರ್ಗಿರೋ, ಅಳಿಯನ ಮುಖದಿಂದ ಕಣ್ಣು ಕೀಳದೆ. "ಕತ್ತರಿ ತನ್ನಿ!"

ಕತ್ತರಿ ಬಂತು. ಕುರಿಯ ಉಣ್ಣೆ ಕತ್ತರಿಸುವ ಕತ್ತರಿ! ಕಣ್ಣು ಹಾಕಿದವನ ಬಟ್ಟೆಯ ಒಂದು ಎಳೆ ಸುಟ್ಟು ಹೊಗೆ ಕೊಟ್ಟರೆ ಸಾಕು, ಆದರೆ ಪೊಲಿಖ್ರೋನಿಸನಿಗೆ ಎಳೆ ಗಿಳೆ ಎಂಬ ಅಳತೆ ಗೊತ್ತಿರಲಿಲ್ಲ. ರಜೆಗೆಂದೇ ಕೊಂಡಿದ್ದ ಹೊಸ ಅಂಗಿಯ ಬೆನ್ನಿಗೆ ಕತ್ತರಿ ಹಾಕಿ ಒಂದು ಕಿಟಕಿ ತೆಗೆದ. ಹೊಗೆ ಎದ್ದಿತು. ಟಗರು ಏಳಲಿಲ್ಲ.

"ಈಗ ಉಗುಳಿ ಅಳಿಯಂದ್ರೇ," ಎಂದಳು ಅರ್ಗಿರೋ. "ಮುಖಕ್ಕೇ ಉಗುಳಿ. ಮೂರು ಸಲ."

ಅರಿಸ್ತಿದಿಸ್ ಟಗರಿನ ಮುಂದೆ ಮಂಡಿಯೂರಿ ಥೂ ಎಂದ. ಬರೀ ಗಾಳಿ. ಇನ್ನೊಮ್ಮೆ ಥೂ. ಒಂದು ಹನಿ ಇಲ್ಲ! ನಲವತ್ತೈದು ವರ್ಷ ಬೇಕಾದಷ್ಟು ಉಗುಳಿದ ಬಾಯಿ, ಹೆದರಿಕೆಗೆ ಬೇಸಿಗೆಯ ಬಾವಿಯಾಗಿತ್ತು.

"ಬರ್ತಿಲ್ಲ ಅತ್ತೆ!"

"ನಾಲ್ಕು ದಿನದಿಂದ ಕೂಡಿಟ್ಟಿದ್ದೀರಲ್ಲ, ಎಲ್ಲಿ ಹೋಯ್ತು?"

"ಆಣೆಗೂ ಬರ್ತಿಲ್ಲ!"

"ನಿಂಬೆಹಣ್ಣು ತೋರ್ಸಿ ಅವರಿಗೆ!" ಎಂದು ಒಬ್ಬಳು. "ರಾಕಿ ಕುಡಿಸಿ!" ಎಂದು ಇನ್ನೊಬ್ಬ. ಎರಡೂ ಬಂದವು. ಅರ್ಧ ನಿಂಬೆ ಹಿಂಡಿಸಿಕೊಂಡು, ಎರಡು ಲೋಟ ರಾಕಿ ಸಾರಾಯಿ ಗಂಟಲಿಗಿಳಿಸಿ, ಮೂರನೆಯ ಲೋಟ ಬಾಯಲ್ಲಿರುವಾಗಲೇ ಅವನಿಗೆ ಕೆಮ್ಮು ಬಂತು. ಉಗುಳು, ನಿಂಬೆ, ರಾಕಿ ಮೂರೂ ಸೇರಿ ಟಗರಿನ ಮೂಗಿಗೆ ಫೂತ್ ಎಂದು ಹೊಡೆಯಿತು!

ಸೇನಾಪತಿ ಕಣ್ಣು ಬಿಟ್ಟ. ಮೂಗು ಅಲ್ಲಾಡಿಸಿದ. ಮೈಯೆಲ್ಲ ಕುಲುಕುವಂತೆ ಒಂದು ಸೀನು ಸೀನಿದ. ಆ ಸೀನಿಗೆ ಬಾಯಿಯ ಮೂಲೆಯಲ್ಲಿ ಬೆಳ್ಳಗೆ ಏನೋ ಇಣುಕಿತು.

ಟಗರಿನ ಮುಖದ ಹತ್ತಿರ ಇದ್ದದ್ದು ಇಬ್ಬರೇ, ಅತ್ತೆ ಮತ್ತು ಅಳಿಯ. ಇಬ್ಬರೂ ನೋಡಿದರು. ಬಿಳಿ ಬಟ್ಟೆ. ಅಂಚಿಗೆ ಕೆಂಪು ದಾರದ ಕಸೂತಿ.

ಅರ್ಗಿರೋ ತನ್ನ ಕರಿಶಾಲನ್ನು ಟಗರಿನ ತಲೆಯ ಮೇಲೆ ಹರವಿದಳು. ಮಂತ್ರ ಹೇಳುವವಳಂತೆ ಬಗ್ಗಿ, ಒಳಗೆ ಕೈ ಹಾಕಿ ಎಳೆದಳು. ಎಳೆದಳು, ಎಳೆದಳು, ಮೊಳದುದ್ದದ ಬಟ್ಟೆ ಗಂಟಲಿನಿಂದ ಬಂದು ಅವಳ ಶಾಲಿನ ಮಡಿಕೆಯೊಳಗೆ ಸೇರಿಹೋಯಿತು. ಆ ಕ್ಷಣವೇ ಟಗರು ಇಡೀ ಕಣಿವೆಗೆ ಕೇಳಿಸುವಂತೆ ಒಂದು ತೇಗು ತೇಗಿತು. ನಲವತ್ತು ಕಡುಬಿನ ತೇಗು! ಚೀಸಿನ ವಾಸನೆ ಅರಿಸ್ತಿದಿಸನ ಮುಖಕ್ಕೇ ಬಡಿಯಿತು.

ಅವನಿಗೆ ಎಲ್ಲವೂ ಹೊಳೆಯಿತು. ಗೋಡೆಯ ಮೇಲಿಟ್ಟು ಮರೆತ ಬುಟ್ಟಿ ಈಗ ಗೋಡೆಯಡಿಯ ಹುಲ್ಲಿನಲ್ಲಿ ಬೋರಲು ಬಿದ್ದಿತ್ತು! ಹಾಗಾದರೆ ಕಣ್ಣಲ್ಲ! ವಿಜ್ಞಾನ ಗೆದ್ದಿತು! ಪಂದ್ಯ ಗೆದ್ದೆ! "ಅತ್ತೆ! ಇದು ಕಣ್ಣಲ್ಲ, ಇದು ಕ..." ಎಂದು ಕೂಗಲು ಬಾಯಿ ತೆರೆದವನು ತೆರೆದಂತೆಯೇ ನಿಂತ. ಕಣ್ಣಲ್ಲ, ಕಡುಬು. ಕಡುಬು ಅಲ್ಲಿಗೆ ಹೇಗೆ ಬಂತು? ಬುಟ್ಟಿ ಅಲ್ಲಿಟ್ಟವರು ಯಾರು? ಬೇಡ ಬೇಡ ಎಂದರೂ ಮುಟ್ಟಿದವರು ಯಾರು? ಆ ಕಡೆ ಹಾರಿದರೆ ಕೆರೆ, ಈ ಕಡೆ ಹಾರಿದರೆ ಬಾವಿ!

ಅತ್ತೆ ಅವನನ್ನೇ ನೋಡುತ್ತಿದ್ದಳು. ಅವಳ ತುಟಿ ಮಾತ್ರ ಅಲ್ಲಾಡಿತು. "ಬಾಯಿ ಮುಚ್ಚಿ. ಕಣ್ಣು ಯಾರ ತಪ್ಪೂ ಅಲ್ಲ, ದೇವರು ಕೊಟ್ಟಿದ್ದು. ಬುಟ್ಟಿ ಮರೆತಿದ್ದು ತಪ್ಪು. ಈ ಊರವರು ಕಣ್ಣನ್ನ ಕ್ಷಮಿಸ್ತಾರೆ, ತಪ್ಪನ್ನ ಕ್ಷಮಿಸಲ್ಲ."

ಆಮೇಲೆ ಎದ್ದು ನಿಂತು ಜೋರಾಗಿ ಹೇಳಿದಳು. "ಹೋಯ್ತು! ಕಣ್ಣೇ ಆಗಿತ್ತು, ಬಿಟ್ಟು ಹೋಯ್ತು!"

ಸೇನಾಪತಿ ನಾಲ್ಕು ಕಾಲಿನ ಮೇಲೆ ಎದ್ದು ಮೈ ಕೊಡವಿದ. ಗಂಟೆ ಢಣ್ ಢಣ್ ಎಂದಿತು. ಹಿಂಡಿಗೆ ಹಿಂಡೇ ತಲೆಯೆತ್ತಿ ಬ್ಯಾ ಎಂದಿತು. ಪೊಲಿಖ್ರೋನಿಸ್ ಕೋಲು ಬಿಸುಟು ಟಗರಿನ ಕೊರಳು ತಬ್ಬಿಕೊಂಡು ಎಲ್ಲರ ಮುಂದೆ ಅತ್ತುಬಿಟ್ಟ. ಆಮೇಲೆ ಅದೇ ಒದ್ದೆ ಮೀಸೆಯಲ್ಲಿ ಅರಿಸ್ತಿದಿಸನ ಎರಡೂ ಕೆನ್ನೆಗೆ ಮುತ್ತು ಕೊಟ್ಟ.

"ನೀನು ಸುಮ್ಮನಿದ್ದಿದ್ರೆ ನಾನಿವತ್ತು ಮನೂಸೋಸನ ತಲೆ ಒಡೀತಿದ್ದೆ ಮಗನೇ. ಅವಳ ಮಣ್ಣಿಗೆ ಬಂದಿದ್ದ ಅವನು."

ಹನ್ನೊಂದಕ್ಕೆ ಸೇನಾಪತಿ ಹಿಂಡನ್ನು ಹಿಂದಿಟ್ಟುಕೊಂಡು ಚರ್ಚಿನ ಅಂಗಳಕ್ಕೆ ನಡೆದ, ಸ್ವಲ್ಪ ಓಲಾಡುತ್ತ. ರಾಕಿ ಅವನ ಮೂಗಿಗೂ ಹೋಗಿತ್ತಲ್ಲ! ಹಿಂದೆಯೇ ಮನೂಸೋಸನ ಹಿಂಡು ಬಂತು. ಪೊಲಿಖ್ರೋನಿಸ್ ಮೊದಲ ಲೋಟ ಹಾಲು ಕರೆದು ಒಯ್ದು ಮನೂಸೋಸನ ಕೈಗೆ ಕೊಟ್ಟ. ಅವನು ಏನೂ ಅರ್ಥವಾಗದೆ ಕುಡಿದ. ಬೆನ್ನಿನಲ್ಲಿ ಕಿಟಕಿ ಇದ್ದ ಅಂಗಿಯ ಅರಿಸ್ತಿದಿಸನಿಗೂ ಒಂದು ಲೋಟ ಸಿಕ್ಕಿತು.

ಆಗ ಅರ್ಗಿರೋ ಆ ಕೆಲಸ ಮಾಡಿದಳು. ಪಾದ್ರಿ, ಕುರುಬರು, ಹೆಂಗಸರು ಎಲ್ಲರೂ ಕೇಳುವಂತೆ, ಅಳಿಯನ ಹೆಗಲ ಮೇಲೆ ಕೈಯಿಟ್ಟು ಹೇಳಿದಳು. "ನೋಡ್ರಪ್ಪ, ಮಾನ ಹೋದ್ರೂ ಪರವಾಗಿಲ್ಲ ಅಂತ ನಿಜ ಹೇಳ್ದ. ಇವನು ನನಗೆ ಅಳಿಯ ಅಲ್ಲ, ಹೊಟ್ಟೇಲಿ ಹುಟ್ಟಿದ ಮಗ. ಬಂಗಾರ! ಇಂಥವನು ಈ ದ್ವೀಪದಲ್ಲೇ ಇನ್ನೊಬ್ಬನಿಲ್ಲ!"

ಹನ್ನೊಂದು ವರ್ಷ ಕಾದ ಮಾತು! ಅರಿಸ್ತಿದಿಸನ ಕಣ್ಣು ತುಂಬಿತು, ಎದೆ ಉಬ್ಬಿತು. ಉಬ್ಬಿದ ಎದೆಯೊಳಗೆ ಏನೋ ಚಳುಕ್ ಎಂದಿತು. ಅವನು ಕಾದ. ಎಲ್ಲರೂ ಕಾದರು. ಅರ್ಗಿರೋ ಶಾಲು ಸರಿಮಾಡಿಕೊಂಡು ಕಾರಿನ ಕಡೆ ನಡೆದಳು. ಥೂ ಬರಲಿಲ್ಲ.

ಮನೆಗೆ ಹೊರಟ ಕಾರು ಇಳಿಜಾರಿನ ಮೊದಲ ತಿರುವಿಗೆ ಬರುವಷ್ಟರಲ್ಲಿ ಅವನಿಗೆ ಎಡಗೈ ಜೋಮು ಹಿಡಿದಿತ್ತು. ಎರಡನೆಯ ತಿರುವಿಗೆ ತಲೆ ಸುತ್ತಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ, ತಳದಲ್ಲಿ ಸಮುದ್ರ. ಬ್ರೇಕು ಸರಿಯಾಗಿದೆಯೇ? ಚಕ್ರ ನಾಲ್ಕೂ ಇವೆಯೇ?

"ಅತ್ತೆ, ಒಂದೇ ಒಂದ್ಸಲ..."

"ಏನು?"

"ಥೂ ಅಂದ್ಬಿಡಿ."

"ಛೆ ಛೆ! ನೀವು ಹೊಸಕಾಲದೋರು."

"ಅಮ್ಮಾ, ಸುಮ್ನೆ ಉಗುಳಮ್ಮ, ಅವರು ನಡುಗ್ತಿದ್ದಾರೆ," ಎಂದಳು ಮರಿಯಾಂಥಿ. "ಅಂದ ಹಾಗೆ ಕಡುಬಿನ ಬುಟ್ಟಿ ಎಲ್ಲಿ?"

"ಹಸಿದೋರು ತಿಂದ್ರು. ಹರಕೆ ಸಂದಿತು," ಎಂದು ಅರ್ಗಿರೋ ಕಿಟಕಿಯಾಚೆ ಸಮುದ್ರ ನೋಡಿದಳು.

ನಾಲ್ಕನೆಯ ತಿರುವಿನಲ್ಲಿ ಒಂದು ಆಡು ಅಡ್ಡ ಬಂತು. ಅರಿಸ್ತಿದಿಸ್ ಕಿರ್ರೆಂದು ಕಾರು ನಿಲ್ಲಿಸಿದ. ಇಳಿದ. ಹಿಂದಿನ ಬಾಗಿಲು ತೆರೆದು ರಸ್ತೆಯ ಮೇಲೆ ಮಂಡಿಯೂರಿ ಕೈ ಜೋಡಿಸಿದ.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಬೆಳ್ಳುಳ್ಳಿ ಜಡೆ ಅಲ್ಲೇ ಇರ್ಲಿ, ಬೇಕಾದ್ರೆ ಇನ್ನೊಂದು ನೇತುಹಾಕಿ. ಉಗುಳಿ! ಮುಖದ ಮೇಲೇ ಉಗುಳಿ!"

ಅರ್ಗಿರೋ ಅವನ ಗಲ್ಲ ಹಿಡಿದೆತ್ತಿದಳು. ಥೂ! ಥೂ! ಥೂ! ಅರಿಸ್ತಿದಿಸ್ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟ. ಜೋಮು ಬಿಟ್ಟಿತು, ತಲೆ ನಿಂತಿತು. ಏಳಲು ಹೋದ. ಗಲ್ಲ ಹಿಡಿದ ಕೈ ಸಡಿಲವಾಗಲಿಲ್ಲ. ಥೂ! ಥೂ! ಥೂ! ಥೂ!

"ಸಾಕು ಅತ್ತೆ, ಸಾಕು! ಮೂರೇ ಅಲ್ವಾ?"

"ಮೂರು ನಿನ್ನನ್ನ ಹೊಗಳಿದ್ದಕ್ಕೆ ಮಗನೇ," ಎಂದಳು ಅರ್ಗಿರೋ, ಉಸಿರು ತೆಗೆದುಕೊಂಡು. "ಅಲ್ಲಾಡಬೇಡ. 'ಮುಟ್ಟಬೇಡ' ಅಂದಿದ್ದ ಬುಟ್ಟೀಲಿ ನಲವತ್ತು ಕಡುಬಿತ್ತು!"